ಕೆಂಚಿಯ ತಲೆಯ ಬಳಿ ನಿಂತವಳು

ಅರವಂಕಾಡಿನಲ್ಲಿ ನನ್ನ ಮಗನಿಗೆ ಕಾರ್ಖಾನೆಯವರು ಕೊಟ್ಟಿರುವ ಮನೆಯ ಹಿಂದೆ ಸ್ವಲ್ಪ ಇಳಿಜಾರು ಜಾಗವಿದೆ. ಹೋದ ವಾರ ಬುಟ್ಟಿ ಹೆಣೆಯುವ ಗಂಡಹೆಂಡಿರಿಬ್ಬರು ಅಲ್ಲಿ ಬಂದು ಕೂತು, ಹಸಿ ಬಿದಿರನ್ನು ಬೆಂಕಿಯ ಮೇಲೆ ಹಿಡಿದು ಬಾಗಿಸುತ್ತಿದ್ದರು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಕಿಟಕಿಯಿಂದ ಆ ವಾಸನೆ ಬಂತು. ಬಿದಿರಿನೊಳಗಿನ ನೀರು ಕಾದು ಹೊರಬರುವಾಗ ಏಳುವ ವಾಸನೆ, ಇತ್ತ ಸಿಹಿಯಲ್ಲ, ಅತ್ತ ಕಹಿಯಲ್ಲ... ಮೊರ ಮಡಿಲಲ್ಲೇ ಉಳಿಯಿತು.

ಕೆತ್ತಿ ಕಣಿವೆಯ ಮೇಲಿದ್ದ ನಮ್ಮ ಹಟ್ಟಿಯಲ್ಲಿ ಹೊಸ ಹೊಣೆಯನ್ನು ಒಲೆಯ ಹೊಗೆಯಲ್ಲಿ ಹದ ಮಾಡುವಾಗ ಮನೆ ತುಂಬ ಇದೇ ವಾಸನೆ ಇರುತ್ತಿತ್ತು. ಹೊಣೆ ಎಂದರೆ ಎಮ್ಮೆಯ ಹಾಲು ಕರೆಯುವ ಬಿದಿರಿನ ಪಾತ್ರೆ. ಅದನ್ನು ಹದ ಮಾಡುತ್ತಿದ್ದವರು ಗಂಡಸರು, ಹಾಲು ಕರೆಯುತ್ತಿದ್ದವರೂ ಗಂಡಸರೇ. ಆದರೂ ಆ ವಾಸನೆಗೆ ನನ್ನ ಕಣ್ಣಮುಂದೆ ಬಂದು ನಿಂತದ್ದು ಒಬ್ಬ ಹೆಂಗಸು. ನನ್ನ ಗಂಡನ ತಾಯಿ, ನನ್ನ ಮಾಮಿ.

ಕಣಿವೆಯ ಪಾದ್ರಿಗಳ ಶಾಲೆಯಲ್ಲಿ ನಾನು ಕಲಿತ ಕನ್ನಡದಲ್ಲಾದರೆ ಅತ್ತೆಯವರು, ಅವರು, ಬಂದರು, ಹೋದರು ಎಂದು ಬರೆಯಬೇಕು. ನಮ್ಮ ಮನೆಯ ಬಡಗ ಮಾತಿನಲ್ಲಿ ಮಾಮಿಯನ್ನು ನೀನು ಎಂದೇ ಕರೆಯುತ್ತಿದ್ದೆವು. ಬರೆಯುವಾಗ ಅವಳನ್ನು ದೂರ ಕೂರಿಸಲು ಮನಸ್ಸಿಲ್ಲ. ಅವಳು ಎಂದೇ ಬರೆಯುತ್ತೇನೆ.

ನಾನು ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಮನುಷ್ಯರಿಗಿಂತ ದನ ಎಮ್ಮೆಗಳ ಮಾತೇ ಹೆಚ್ಚು. ಬೆಳಗಾದರೆ ಯಾವುದು ಮೇವು ಬಿಟ್ಟಿತು, ಯಾವುದರ ಕೆಚ್ಚಲು ಇಳಿಯಿತು ಎಂಬುದೇ ಸುದ್ದಿ. ಮನೆಯ ಮುಂದೆ ಕಲ್ಲಿನ ದೊಡ್ಡಿ, ಅದರಾಚೆ ಗುಡ್ಡದ ನೆತ್ತಿಯವರೆಗೆ ಹುಲ್ಲು. ಒಳಮನೆಯ ಮೂಲೆಯಲ್ಲಿ ಹಾಲಿನ ಕೋಣೆ. ಅದರ ಬಾಗಿಲು ಪೂರ್ತಿ ಬಗ್ಗಿ ನುಗ್ಗಬೇಕಾದಷ್ಟು ತಗ್ಗು. ಹೊಣೆಗಳು, ಮೊಸರಿನ ಗಡಿಗೆ, ಬೆಣ್ಣೆ, ತುಪ್ಪ ಎಲ್ಲವೂ ಅದರೊಳಗೆ. ಹೆಂಗಸರು ಆ ಹೊಸ್ತಿಲು ದಾಟುವಂತಿರಲಿಲ್ಲ. ಹಾಲು ಕರೆಯುವಂತೆಯೂ ಇರಲಿಲ್ಲ. ನಮಗೆ ಬೇಕಾದ ಹಾಲನ್ನು ಗಂಡಸರು ಒಳಗಿಂದ ಅಳೆದು ಕೊಡುತ್ತಿದ್ದರು. ಇದರಲ್ಲಿ ವಿಚಿತ್ರವೇನೂ ನನಗೆ ಕಂಡಿರಲಿಲ್ಲ. ನನ್ನ ತೌರಿನಲ್ಲೂ ಹೀಗೆಯೇ ಇತ್ತು.

ಮಾಮಿ ಎತ್ತರದ ಹೆಂಗಸು, ದನಿ ಸ್ವಲ್ಪ ಗೊರಗೊರ. ಬಿಳಿ ಬಟ್ಟೆ ಉಟ್ಟು, ತಲೆವಸ್ತ್ರ ಬಿಗಿದು, ಸಗಣಿಯ ಬುಟ್ಟಿ ಹೊತ್ತು ಹೊಲಕ್ಕೆ ಇಳಿಯುತ್ತಿದ್ದರೆ ದೂರದಿಂದ ಗಂಡಸೇ ಎನ್ನಿಸುತ್ತಿತ್ತು. ಎಮ್ಮೆಗಳ ಜೊತೆ ಅವಳಷ್ಟು ಮಾತಾಡಿದವರನ್ನು ನಾನು ನೋಡಿಲ್ಲ. ದೊಡ್ಡಿಯ ಗೋಡೆಗೆ ಎದೆಯಾನಿಸಿ ನಿಂತು ನಿನ್ನೆ ಯಾರ ಮನೆಯಲ್ಲಿ ಜಗಳವಾಯಿತು, ಮಳೆ ಯಾಕೆ ಬರಲಿಲ್ಲ, ಅವರೆಕಾಳಿನ ಉದಕಕ್ಕೆ, ಅಂದರೆ ಸಾರಿಗೆ, ಉಪ್ಪು ಹೇಗೆ ಹೆಚ್ಚಾಯಿತು, ಎಲ್ಲವನ್ನೂ ಹೇಳುತ್ತಿದ್ದಳು. ಉಪ್ಪು ಹೆಚ್ಚು ಹಾಕಿದವಳು ನಾನೇ. ನನಗೆ ಒಂದು ಮಾತು ಅನ್ನದೆ ಎಮ್ಮೆಗೆ ಹೇಳಿಬಿಡುತ್ತಿದ್ದಳು. ನಾನು ಕೇಳಿಸಿಕೊಂಡು ತಿದ್ದಿಕೊಳ್ಳುತ್ತಿದ್ದೆ. ಹೊಸ ಸೊಸೆಗೆ ಬುದ್ಧಿ ಹೇಳುವ ಇಷ್ಟು ಮೃದುವಾದ ದಾರಿಯನ್ನು ನಾನು ಬೇರೆ ಯಾವ ಮನೆಯಲ್ಲೂ ಕಾಣಲಿಲ್ಲ.

ನನಗೆ ಎಮ್ಮೆಗಳೆಂದರೆ ಭಯ. ಅಗಲವಾಗಿ ಚಾಚಿಕೊಂಡ ಆ ಕೊಂಬುಗಳನ್ನು ಕಂಡರೆ ಕಾಲು ಹಿಂದಕ್ಕೇ ಸರಿಯುತ್ತಿತ್ತು. ಮಾಮಿ ಒಂದು ದಿನ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಒಂದು ಎಮ್ಮೆಯ ಹಣೆಯ ಮೇಲೆ ಇಡಿಸಿದಳು. ಅದೇ ಕೆಂಚಿ. ಮಂದೆಯಲ್ಲಿ ಹೆಚ್ಚು ಹಾಲು ಕೊಡುತ್ತಿದ್ದವಳು, ಹೆಚ್ಚು ಹಟವಿದ್ದವಳೂ ಅವಳೇ.

"ಅದು ನಿನ್ನ ನೋಡಿ ಹೆದರಿದೆ, ನೀ ಅದನ್ನ ನೋಡಿ ಹೆದರಿದ್ದೆ. ಇಬ್ಬರಲ್ಲಿ ಯಾರಾದರೂ ಒಬ್ಬರು ಮೊದಲು ಬಿಡಬೇಕು" ಅಂದಳು.

ಕೆಂಚಿಯ ಹಣೆ ಬೆಚ್ಚಗಿತ್ತು.

ಮಾಮಿಯ ಗಂಡನನ್ನು ನಾನು ಮಾಮ ಎನ್ನುತ್ತಿದ್ದೆ. ಅವನು ಹಾಲಿನ ಕೋಣೆಯ ವಿಚಾರದಲ್ಲಿ ಬಹಳ ಕಟ್ಟುನಿಟ್ಟು. ಮಿಂದು ಮಡಿಯಾಗದೆ ಹೊಣೆ ಮುಟ್ಟುತ್ತಿರಲಿಲ್ಲ. ನಮ್ಮ ಮನೆಯ ತುಪ್ಪದಿಂದಲೇ ಹಬ್ಬದಲ್ಲಿ ಹಟ್ಟಿಯ ದೇವರ ದೀಪ ಉರಿಯುತ್ತಿತ್ತು. ಅವನ ಅಪ್ಪನ ಕಾಲದಿಂದಲೂ ಬಂದ ಮರ್ಯಾದೆ ಅದು. ಕಡಿಮೆ ಮಾತಿನ ಮನುಷ್ಯ. ಸಿಟ್ಟು ಬಂದರೆ ಇನ್ನೂ ಕಡಿಮೆ.

ಜರ್ಮನಿಯ ಯುದ್ಧ ಮುಗಿಯುವ ಹೊತ್ತಿಗೆ ಆ ಜ್ವರ ಬಂತು. ಬೆಟ್ಟದ ಕೆಳಗಿನಿಂದ ರೈಲಿನಲ್ಲಿ ಬಂತು ಎಂದರು, ಊಟಿಯ ಸಂತೆಯಿಂದ ಬಂತು ಎಂದರು. ಎಲ್ಲಿಂದ ಬಂದರೇನು... ನಮ್ಮ ಹಟ್ಟಿಯ ಸಾಲುಮನೆಗಳಲ್ಲಿ ಒಂದರ ಗೋಡೆ ಇನ್ನೊಂದಕ್ಕೆ ಅಂಟಿಕೊಂಡಿದೆ, ಕೆಮ್ಮು ಗೋಡೆಯಿಂದ ಗೋಡೆಗೆ ದಾಟಿತು. ಮಾಮನ ತಮ್ಮ ಮೊದಲ ವಾರದಲ್ಲೇ ಹೋದ. ಅವನ ಮಣ್ಣಿಗೆ ಹೋಗಿ ಬಂದ ಮಾಮ ಮಲಗಿದ. ನನ್ನ ಗಂಡ ಮಲಗಿದ, ಮೈದುನ ಮಲಗಿದ. ಅವರಿಗಿಂತ ಮುಂಚೆಯೇ ಮಲಗಿದವಳು ನಾನು. ಆಗ ನನ್ನ ಮಡಿಲಲ್ಲಿ ಚೊಚ್ಚಲ ಮಗು, ಇನ್ನೂ ಬೋರಲು ಬೀಳದ ಗಂಡು ಕೂಸು.

ಜ್ವರ ಏರಿದ ಮೇಲೆ ನನ್ನ ಎದೆಹಾಲು ಬತ್ತಿಹೋಯಿತು. ಮಾಮಿ ಸಾಮೆಯ ಗಂಜಿಯ ತಿಳಿಯನ್ನು ಒಳಲೆಯಲ್ಲಿ ಹುಯ್ದು ಕುಡಿಸಿ ನೋಡಿದಳು. ಕೂಸು ಒಂದೆರಡು ಗುಟುಕು ನುಂಗಿ ಕಾರಿಕೊಂಡಿತು. ಪಕ್ಕದ ಸಾಲಿನ ಒಬ್ಬ ನೆಂಟ ಬಂದು ಎಮ್ಮೆ ಕರೆದುಕೊಡುತ್ತಿದ್ದ, ಆ ಹಾಲಿಗೆ ನೀರು ಬೆರೆಸಿ ಕೊಟ್ಟಾಗ ಸ್ವಲ್ಪ ಚೇತರಿಸಿತು. ಆಮೇಲೆ ಆ ನೆಂಟನೂ ಮಲಗಿದ. ಹಟ್ಟಿಯಲ್ಲಿ ನೆಟ್ಟಗೆ ನಿಂತ ಗಂಡಸರು ಹೆಣ ಹೊರುವುದಕ್ಕೇ ಸಾಲದಾಗಿದ್ದರು. ನಮ್ಮ ಮನೆಗೆ ಹಾಲು ಕರೆಯಲು ಯಾರನ್ನು ಕರೆಯುವುದು?

ಮಾಮ ಮಲಗಿದಲ್ಲಿಂದಲೇ ಹೇಳಿದ್ದ: "ಕರುಗಳ ಬಿಟ್ಟುಬಿಡು. ಎಲ್ಲಾ ಅವೇ ಕುಡಿಯಲಿ."

ಮಾಮಿ ಹಾಗೆಯೇ ಮಾಡಿದಳು. ಹೊರಗೆ ದೊಡ್ಡಿಯಲ್ಲಿ ಕರುಗಳು ಹೊಟ್ಟೆ ತುಂಬ ಕುಡಿದು ಬಾಲ ಎತ್ತಿ ಓಡಾಡುತ್ತಿದ್ದವು. ಒಳಗೆ ನನ್ನ ಕೂಸಿನ ಅಳು ಸಣ್ಣಗಾಗುತ್ತ ಬಂತು. ಅಳುವ ಮಗುವನ್ನು ಕಂಡರೆ ತಾಯಿಗೆ ಕಷ್ಟ ಎನ್ನುತ್ತಾರೆ. ಅಳು ನಿಲ್ಲಿಸಿದ ಮಗುವನ್ನು ಪಕ್ಕದಲ್ಲಿಟ್ಟುಕೊಂಡು ನಾನು ಮಲಗಿದ್ದೆ. ಕೈ ಚಾಚಿ ಅದರ ಎದೆ ಏರಿಳಿಯುತ್ತಿದೆಯೇ ಎಂದು ಮುಟ್ಟಿ ನೋಡುವಷ್ಟೇ ಶಕ್ತಿ ನನ್ನಲ್ಲಿ ಇದ್ದದ್ದು.

ಮರುದಿನ ಬೆಳಿಗ್ಗೆ ಮಂಜು ಬಾಗಿಲವರೆಗೂ ಬಂದಿತ್ತು. ಮಾಮಿ ಕೂಸನ್ನು ಎತ್ತಿ ನೋಡಿದಳು, ಮತ್ತೆ ನನ್ನ ಪಕ್ಕ ಮಲಗಿಸಿದಳು. ನೇರವಾಗಿ ಹೋಗಿ ಮಾಮನ ಚಾಪೆಯ ಮುಂದೆ ನಿಂತಳು. ಅವಳಿಗೂ ಮೈ ಬಿಸಿಯಿತ್ತು. ಕಂಬ ಹಿಡಿದೇ ನಿಂತಿದ್ದಳು.

"ನಾ ಕೆಂಚಿಯ ಕರೆವೆ" ಅಂದಳು.

ಮಾಮ ಕಣ್ಣು ತೆರೆಯಲಿಲ್ಲ. "ಬೇಡ. ಹೆಣ್ಣು ಕರೆದ ಹಾಲ ಈ ಮನೇಲಿ ಯಾರೂ ಕುಡಿದಿಲ್ಲೆ."

"ಕೆಂಚಿ ಏನು ಗಂಡಾ?"

ಅಂಥ ಹೊತ್ತಿನಲ್ಲೂ ಆಚೆ ಮೂಲೆಯಲ್ಲಿ ಮಲಗಿದ್ದ ಮೈದುನ ಕೆಮ್ಮಿನ ನಡುವೆ ನಕ್ಕದ್ದು ನನಗೆ ಕೇಳಿಸಿತು. ಮಾಮ ನಗಲಿಲ್ಲ. ಮಾಮಿಯೂ ನಗಲಿಲ್ಲ.

"ನೀ ಬೇಡ ಅಂದರೂ ಹೋಗುವೆ" ಅಂದಳು. "ಆದರೆ ನಿನಗ ಹೇಳದೆ ಹೋಗಲಾರೆ. ಅದಕ್ಕೇ ನಿಂತಿದ್ದೆ. ಕೂಸು ಅಳೋದ ಬಿಟ್ಟಿದೆ."

ಮಾಮ ಗೋಡೆಯ ಕಡೆ ತಿರುಗಿ ಮಲಗಿದ. ಮಾಮಿ ಹಾಗೆಯೇ ನಿಂತಿದ್ದಳು. ಎಷ್ಟು ಹೊತ್ತೋ... ನನಗೆ ಜ್ವರದಲ್ಲಿ ಅದು ಒಂದು ಹಗಲಿನಷ್ಟು ಉದ್ದ ಅನ್ನಿಸಿತು. ಕೊನೆಗೆ ಗೋಡೆಯ ಕಡೆಯಿಂದಲೇ ಅವನ ದನಿ ಬಂತು.

"ಕೈ ಕಾಲು ತೊಳೆ. ಹೊಣೆಯ ನೆಲಕ್ಕೆ ತಾಗಿಸಬೇಡ."

ಅವಳು ಹಾಲಿನ ಕೋಣೆಯ ಮುಂದೆ ಹೋಗಿ ನಿಂತದ್ದು ನನ್ನ ಚಾಪೆಯಿಂದ ಕಾಣುತ್ತಿತ್ತು. ತಲೆವಸ್ತ್ರ ಬಿಚ್ಚಿ ಮತ್ತೆ ಬಿಗಿದಳು. ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ನನ್ನ ಕಣ್ಣು ಮುಚ್ಚಿತು.

ದೊಡ್ಡಿಯಲ್ಲಿ ನಡೆದದ್ದನ್ನು ಅವಳೇ ಆಮೇಲೆ ಹೇಳಿದ್ದು. ಕೆಂಚಿ ಮೊದಲು ಅವಳ ಕೈ ಮೂಸಿತಂತೆ, ಹೊಣೆಯನ್ನು ಮೂಸಿತಂತೆ, ಎರಡನ್ನೂ ಒಟ್ಟಿಗೆ ಕಂಡು ಗಲಿಬಿಲಿಯಾಗಿ ಒದೆಯಿತಂತೆ. ಮಾಮಿ ಹುಟ್ಟಿದಾಗಿನಿಂದ ಗಂಡಸರು ಕರೆಯುವುದನ್ನು ನೋಡಿದ್ದಳೇ ಹೊರತು ಅವಳ ಬೆರಳು ಯಾವ ಕೆಚ್ಚಲನ್ನೂ ಮುಟ್ಟಿರಲಿಲ್ಲ. ಮೊದಲಿಗೆ ಹನಿಯೂ ಬರಲಿಲ್ಲ. ಆಗ ಅವಳು ಎಮ್ಮೆಯ ಪಕ್ಕೆಗೆ ಹಣೆಯೂರಿ ಮನೆಯಲ್ಲಿ ಯಾರು ಯಾರು ಮಲಗಿದ್ದಾರೆ, ಕೂಸಿಗೆ ಏನಾಗಿದೆ ಎಂದು ಒಂದೊಂದಾಗಿ ಹೇಳಿದಳಂತೆ. "ಹೇಳ್ತಾ ಹೇಳ್ತಾ ಎನಗೇ ಅಳು ಬಂತು. ಅತ್ತು ಮುಗಿಸಿ ನೋಡಿದರೆ ಕೈ ಒದ್ದೆ. ಕಣ್ಣೀರು ಅಂದುಕೊಂಡೆ. ಹಾಲು" ಎಂದಿದ್ದಳು.

ಒಳಲೆಯ ಮೂತಿ ಕೂಸಿನ ತುಟಿಗೆ ತಾಗಿಸಿ ಅವಳು ಕೂತಿದ್ದ ಭಂಗಿ ನನ್ನ ಕಣ್ಣಿನಲ್ಲಿ ಇವತ್ತಿಗೂ ಇದೆ. ಮೊದಲ ಗುಟುಕು ಕೆನ್ನೆಯ ಮೇಲೆ ಹರಿಯಿತು. ಎರಡನೆಯದೂ ಹರಿಯಿತು. ಆಮೇಲೆ ಗಂಟಲಲ್ಲಿ ಗುಳಕ್ ಎಂಬ ಸದ್ದು. ಮಾಮಿ ನನ್ನ ಕಡೆ ನೋಡಿದಳು. ಸಂಜೆಯ ಹೊತ್ತಿಗೆ ಕೂಸು ಅತ್ತಿತು. ಅಷ್ಟು ಸೊಗಸಾದ ಅಳುವನ್ನು ನಾನು ಕೇಳಿಲ್ಲ.

ಕಾಯಿಸಿದ ಹಾಲನ್ನು ಅವಳು ಎಲ್ಲರಿಗೂ ಕೊಟ್ಟಳು. ಗಂಡ, ಮೈದುನ ಕುಡಿದರು. ಮಾಮನ ಪಕ್ಕದಲ್ಲಿ ಬಟ್ಟಲು ಇಟ್ಟು, ಕುಡಿ ಎಂದೂ ಹೇಳದೆ ಸೌದೆ ತರಲು ಹೊರಗೆ ಹೋದಳು. ತಿರುಗಿ ಬಂದಾಗ ಬಟ್ಟಲು ಖಾಲಿ. ಅವಳು ಅದನ್ನು ಎತ್ತಿ ತೊಳೆದಿಟ್ಟಳು. ಗಂಡಸರು ಎದ್ದು ಓಡಾಡುವವರೆಗೂ ಆ ಮನೆಯ ಎಮ್ಮೆಗಳನ್ನೆಲ್ಲ ಕರೆದವಳು ಅವಳೇ. ನಮ್ಮ ಮನೆಗೆ ಸಾಲುವಷ್ಟು ಇಟ್ಟುಕೊಂಡು, ಸಣ್ಣ ಮಕ್ಕಳಿದ್ದ ಬೇರೆ ಮನೆಗಳಿಗೂ ಕೊಡುತ್ತಿದ್ದಳು. ಯಾರು ಕರೆದದ್ದು ಎಂದು ಆಗ ಒಬ್ಬರೂ ಕೇಳಲಿಲ್ಲ.

ಕೇಳಿದ್ದು ಆಮೇಲೆ. ಜ್ವರ ಇಳಿದು, ಸತ್ತವರ ಕರ್ಮಗಳು ಮುಗಿದು, ಹಬ್ಬ ಹತ್ತಿರ ಬಂದಾಗ ಹಟ್ಟಿಯ ಹಿರಿಯರು ಕೂಟ ಸೇರಿದರು. ಹೆಂಗಸರಾದ ನಾವು ಮನೆಯ ಜಗಲಿಯ ಮೇಲೆ ಕೂತು ಕಿವಿಗೊಟ್ಟಿದ್ದೆವು. ಮಾಮಿ ಅವರೆಕಾಯಿ ಸುಲಿಯುತ್ತಿದ್ದಳು. ಒಬ್ಬ ಮುದುಕ ಎದ್ದು, ಹೆಣ್ಣು ಕಾಲಿಟ್ಟ ಹಾಲಿನ ಕೋಣೆಯ ತುಪ್ಪ ದೇವರ ದೀಪಕ್ಕೆ ಹೇಗೆ ಹೋಗುತ್ತದೆ ಎಂದು ಕೇಳಿದ. ಅವನು ಕೆಟ್ಟವನಲ್ಲ. ಆ ಜ್ವರದಲ್ಲಿ ಅವನ ಇಬ್ಬರು ಗಂಡುಮಕ್ಕಳು ಹೋಗಿದ್ದರು. ಎಲ್ಲೋ ಏನೋ ತಪ್ಪು ನಡೆದಿರಬೇಕು ಎಂದು ಹುಡುಕುತ್ತಿದ್ದ ಮನುಷ್ಯ.

ಮಾಮ ನಿಂತ. ಜ್ವರದಿಂದ ಇಳಿದುಹೋಗಿದ್ದ ಮೈ, ಕೋಲು ಊರಿ ನಿಂತಿದ್ದ.

"ಕರೆ ಅಂತ ಹೇಳಿದವ ನಾನು" ಅಂದ. "ಹೊಣೆಯ ಹೆಂಗ ಹಿಡಿಯೋದು ಅಂತ ಹೇಳಿಕೊಟ್ಟವನೂ ನಾನು. ಕುಡಿದವನೂ ನಾನು. ತಪ್ಪು ಇದ್ದರೆ ಎನ್ನ ಮೇಲೆ ಹಾಕಿ. ಅವಳ ಹೆಸರ ಎತ್ತಬೇಡಿ."

ಜಗಲಿಯ ಮೇಲೆ ಮಾಮಿಯ ಕೈ ನಿಂತಿತು. ಮತ್ತೆ ಸುಲಿಯತೊಡಗಿದಳು.

ಕೂಟದ ತೀರ್ಮಾನ ಕಠಿಣವಾಗಿಯೇನೂ ಇರಲಿಲ್ಲ, ಹಗುರವಾಗಿಯೂ ಇರಲಿಲ್ಲ. ಹಾಲಿನ ಕೋಣೆಯನ್ನು ಶುದ್ಧಿ ಮಾಡಿ ಹೊಣೆಗಳನ್ನೆಲ್ಲ ಹೊಸದಾಗಿ ಮಾಡಬೇಕು. ಆ ಸಲದ ಹಬ್ಬಕ್ಕೆ ನಮ್ಮ ಮನೆಯ ತುಪ್ಪ ಬೇಡ. ಅವಳು ಇನ್ನು ಮುಂದೆ ಕೆಚ್ಚಲು ಮುಟ್ಟಬಾರದು. ಮಾಮ ಆಗಲಿ ಎಂದ. ಆ ಹಬ್ಬದಲ್ಲಿ ಬೇರೆ ಮನೆಯ ತುಪ್ಪದಿಂದ ದೀಪ ಉರಿಯುವುದನ್ನು ಅವನು ಹಿಂದಿನ ಸಾಲಿನಲ್ಲಿ ನಿಂತು ನೋಡಿದ. ಮನೆಗೆ ಬಂದ ಮೇಲೆ ನನಗೆ ತಡೆಯಲಾಗದೆ ಮಾಮಿಯ ಹತ್ತಿರ ಅತ್ತುಬಿಟ್ಟೆ. ಅವಳು ನನ್ನ ಮಡಿಲಿನಿಂದ ಕೂಸನ್ನು ಎತ್ತಿಕೊಂಡಳು.

"ಇವ ಇದ್ದಾನೆ ಅಲ್ಲಾ. ಸಾಕು" ಎಂದಳು.

ತೊಂದರೆ ಬಂದದ್ದು ಕೆಂಚಿಯಿಂದ. ಮಾಮ ಹೊಸ ಹೊಣೆ ಹಿಡಿದು ಕೂತರೆ ಅದು ಹಾಲು ಬಿಡಲಿಲ್ಲ. ನನ್ನ ಗಂಡ ಕೂತ, ಒದೆಸಿಕೊಂಡು ಎದ್ದು ಬಂದ. ಉಳಿದ ಎಮ್ಮೆಗಳು ಹಳೆಯ ಕೈಗೆ ಹೊಂದಿಕೊಂಡವು, ಕೆಂಚಿ ಮಾತ್ರ ಹಟ ಬಿಡಲಿಲ್ಲ. ಒಂದು ಬೆಳಿಗ್ಗೆ ಮಾಮ ದೊಡ್ಡಿಯಿಂದ ಬಂದು, ಒಲೆಯ ಮುಂದೆ ಕೂತಿದ್ದ ಮಾಮಿಯನ್ನು ನೋಡದೆ, ಬಾಗಿಲಿಗೆ ಹೇಳಿದಂತೆ ಹೇಳಿದ: "ಮುಟ್ಟಬಾರದು ಅಂದಿದ್ದಾರೆ. ಹತ್ತಿರ ನಿಲ್ಲಬಾರದು ಅಂತ ಯಾರೂ ಹೇಳಿಲ್ಲೆ."

ಅಂದಿನಿಂದ ಮಾಮಿ ಕೆಂಚಿಯ ತಲೆಯ ಬಳಿ ನಿಲ್ಲುತ್ತಿದ್ದಳು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಯಾರಾದರೂ ನೋಡುತ್ತಿದ್ದರೆ ನೋಡಲಿ ಎಂಬಂತೆ. ಹಟ್ಟಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಕೆಂಚಿ ಕಿವಿ ಆಡಿಸುತ್ತ ಕೇಳುತ್ತಿತ್ತು, ಕೆಳಗೆ ಮಾಮ ಕರೆಯುತ್ತಿದ್ದ. ಸುದ್ದಿ ಮುಗಿದರೆ ಹಾಲೂ ನಿಲ್ಲುತ್ತಿತ್ತು. "ಇನ್ನೂ ಸ್ವಲ್ಪ ಹೇಳು" ಎಂದು ಮಾಮ ಕೆಳಗಿನಿಂದ ಗೊಣಗುತ್ತಿದ್ದ. ಆ ಗಂಡಹೆಂಡಿರು ಮನೆಯೊಳಗೆ ಆಡಿದ ಮಾತಿಗಿಂತ ಕೆಂಚಿಯ ನೆವದಲ್ಲಿ ಆಡಿದ ಮಾತೇ ಹೆಚ್ಚು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಬೇಸಿಗೆಯಲ್ಲಿ ನಮ್ಮ ಗುಡ್ಡದ ಹುಲ್ಲು ಒಣಗಿದಾಗ ಗಂಡಸರು ಮಂದೆಯನ್ನು ಅವಲಾಂಚ್ ಕಡೆಯ ಮೇಲಿನ ಹುಲ್ಲುಗಾವಲಿಗೆ ಹೊಡೆದುಕೊಂಡು ಹೋಗಿ, ಅಲ್ಲೇ ಗುಡಿಸಲು ಹಾಕಿ ತಿಂಗಳುಗಟ್ಟಲೆ ಇರುತ್ತಿದ್ದರು. ಹೆಂಗಸರು ಹೋಗುತ್ತಿರಲಿಲ್ಲ. ಆ ವರ್ಷ ಕೆಂಚಿಯ ಕಾರಣದಿಂದ ಮಾಮಿಯೂ ಹೋಗಬೇಕಾಯಿತು. ಕಂಬಳಿ ಸುತ್ತಿ ತಲೆಯ ಮೇಲಿಟ್ಟುಕೊಂಡು ಮಂದೆಯ ಹಿಂದೆ ಅವಳು ಹೊರಟಾಗ ಹಟ್ಟಿಯ ಹೆಂಗಸರೆಲ್ಲ ಗೋಡೆಯ ಬಳಿ ನಿಂತು ನೋಡಿದರು. ಮಳೆ ಹಿಡಿಯುವ ಮುಂಚೆ ತಿರುಗಿ ಬಂದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ಮೈ ತುಂಬಿಕೊಂಡಿತ್ತು. ಅಲ್ಲಿನ ಹೊಳೆಯ ನೀರು ಹಲ್ಲಿಗೆ ಹೇಗೆ ಚುಚ್ಚುತ್ತದೆ, ಬೆಳಗಿನ ಹಿಮದಲ್ಲಿ ಎಮ್ಮೆಗಳ ಬೆನ್ನು ಹೇಗೆ ಹೊಗೆಯಾಡುತ್ತದೆ, ಎತ್ತ ನೋಡಿದರೂ ಒಂದು ಮನೆಯೂ ಕಾಣದ ಗುಡ್ಡಗಳು ಹೇಗಿವೆ... ಮಳೆಗಾಲವಿಡೀ ಹೇಳಿದರೂ ಅವಳಿಗೆ ಮುಗಿಯಲಿಲ್ಲ. ಈ ಸಲ ಎಮ್ಮೆಗಲ್ಲ, ನಮಗೆ.

ಕೂಸು ಬೆಳೆಯಿತು. ನಮ್ಮಲ್ಲಿ ಗಂಡುಹುಡುಗನಿಗೆ ಹಲ್ಲು ಬಿದ್ದು ಹೊಸ ಹಲ್ಲು ಬರುವ ವಯಸ್ಸಿನಲ್ಲಿ ಮೊದಲ ಸಲ ಹಾಲು ಕರೆಯುವ ಶಾಸ್ತ್ರವಿದೆ. ಮಿಂದು ಹೊಸ ಬಟ್ಟೆ ಉಟ್ಟ ಹುಡುಗ ತನ್ನ ಕೈಯಾರೆ ಕರೆದು, ಹೊಣೆಯನ್ನು ಹಾಲಿನ ಕೋಣೆಯೊಳಗೆ ಇಡುತ್ತಾನೆ. ಅಂದಿನಿಂದ ಅವನು ಮನೆಯ ಗಂಡಸರಲ್ಲಿ ಒಬ್ಬ. ಕೆಂಚಿ ಆ ಹೊತ್ತಿಗೆ ಸತ್ತಿತ್ತು, ಅದರ ಮಗಳನ್ನು ತಂದು ನಿಲ್ಲಿಸಿದ್ದರು. ನೆಂಟರೆಲ್ಲ ಬಂದಿದ್ದರು, ಕೂಟದ ಹಿರಿಯರೂ ಇದ್ದರು. ಮಾಮಿ ಹೆಂಗಸರ ಹಿಂದೆ, ಗೋಡೆಗೊರಗಿ ನಿಂತಿದ್ದಳು. ಆಗಲೇ ಅವಳ ಮೊಣಕಾಲು ಸೋತಿತ್ತು.

ನನ್ನ ಮಗ ಕರೆದ. ಸಣ್ಣ ಬೆರಳುಗಳು, ನಾಲ್ಕು ಎಳೆ ಹಾಲು ಬಿದ್ದರೆ ಹೆಚ್ಚು. ಎದ್ದು ಹೊಣೆ ಹಿಡಿದು ಮನೆಯ ಕಡೆ ಹೆಜ್ಜೆ ಇಟ್ಟಾಗ ಮಾಮ ಅವನ ಭುಜ ಹಿಡಿದು ನಿಲ್ಲಿಸಿದ.

"ಮೊದಲು ಹೆತ್ತೆಯ ಕೈಗೆ ಹುಯ್ಯಿ" ಅಂದ. ನಮ್ಮಲ್ಲಿ ಅಜ್ಜಿಯನ್ನು ಹೆತ್ತೆ ಎನ್ನುತ್ತೇವೆ.

ಹುಡುಗ ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೋದ. ಮಾಮಿಯ ಕೈಗಳು ಬೆನ್ನ ಹಿಂದಿದ್ದವು. ಅವುಗಳನ್ನು ಮುಂದಕ್ಕೆ ತರಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಬೊಗಸೆಗೆ ಬಿದ್ದ ಹಾಲನ್ನು ನೋಡುತ್ತ ನಿಂತಳು, ಆಮೇಲೆ ಕುಡಿದಳು. ನಾನು ಹಿರಿಯರ ಕಡೆ ನೋಡಿದೆ. ಅಂದು ಕೂಟದಲ್ಲಿ ಪ್ರಶ್ನೆ ಎತ್ತಿದ್ದ ಮುದುಕ ಪೇಟ ಸರಿಮಾಡಿಕೊಂಡು, "ಮಗು ನಿಂತಿದೆ. ಒಳಗೆ ಕಳಿಸಿ" ಎಂದ. ಅಷ್ಟೇ.

ಮಾಮ ಮೊದಲು ಹೋದ, ಎರಡು ಮಳೆಗಾಲದ ಮೇಲೆ ಮಾಮಿ. ಕೊನೆಯ ದಿನಗಳಲ್ಲಿ ಅವಳಿಗೆ ನಾನೇ ಗಂಜಿ ಕುಡಿಸಿದೆ. ಹಾಗೆ ಮಾಡುವ ಪುಣ್ಯ ನನಗೆ ಸಿಕ್ಕಿತು ಎಂಬುದೇ ನನ್ನ ಸಮಾಧಾನ. ಸಾಯುವವರ ಬಾಯಿಗೆ ತುಪ್ಪದಲ್ಲಿ ಅದ್ದಿದ ಸಣ್ಣ ಚಿನ್ನದ ಹಣವನ್ನು ಇಡುವುದು ನಮ್ಮ ಪದ್ಧತಿ. ಅದನ್ನು ಇಟ್ಟವನು ನನ್ನ ಮಗ. ಅವಳು ನುಂಗಿದಳೋ ಇಲ್ಲವೋ... ಅವನ ಬೆರಳನ್ನು ತುಟಿಯಲ್ಲಿ ಹಿಡಿದುಕೊಂಡಳು.

ಆ ಮಗ ಈಗ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದಾನೆ. ಒಳ್ಳೆಯ ಎತ್ತರ, ಥೇಟ್ ಅವಳ ಹಾಗೆ. ಹಟ್ಟಿಯಲ್ಲಿ ಮಂದೆ ಕರಗಿತು. ಹುಲ್ಲಿನ ಗುಡ್ಡವನ್ನು ಅಗೆದು ಆಲೂಗಡ್ಡೆ ಹಾಕಿದರು, ಈಗ ಮೇಲಿನ ತುಂಡಿಗೆ ಟೀ ಗಿಡ ಇಡುತ್ತಿದ್ದಾರೆ. ಮೈದುನನ ಮನೆಯಲ್ಲಿ ಎರಡು ಹಸು ಉಳಿದಿವೆ. ಅವನ ಸೊಸೆಯಂದಿರೇ ಕರೆಯುತ್ತಾರೆ, ಹಾಲನ್ನು ಊಟಿಯ ಹೋಟೆಲಿಗೆ ಕಳಿಸುತ್ತಾರೆ. ಯಾರೂ ಕೂಟ ಸೇರಲಿಲ್ಲ.

ಬಿದಿರಿನ ವಾಸನೆ ಬಂದ ಮೇಲೆ ನನಗೆ ಇಲ್ಲಿ ಕೂರಲಾಗಲಿಲ್ಲ. ಮೊನ್ನೆ ಹಟ್ಟಿಗೆ ಹೋಗಿಬಂದೆ. ಹಾಲಿನ ಕೋಣೆಯಲ್ಲಿ ಬಿತ್ತನೆಯ ಆಲೂಗಡ್ಡೆ ತುಂಬಿದ್ದರು. ಮೈದುನನ ಕಿರಿಯ ಸೊಸೆ ಪೊರಕೆ ಹಿಡಿದು ಒಳಗೆ ನುಗ್ಗಿ ಹೊರಗೆ ಬರುತ್ತಿದ್ದಳು. "ಬಾ ಮಾಮಿ, ನೋಡು, ಎಷ್ಟು ಮೊಳಕೆ ಬಂದಿದೆ" ಎಂದು ನನ್ನನ್ನು ಕರೆದಳು. ಈಗ ಆ ಮನೆಯಲ್ಲಿ ಮಾಮಿ ಎಂದರೆ ನಾನು.

ಅಷ್ಟು ವರ್ಷ ಆ ಮನೆಯಲ್ಲಿ ಬಾಳಿದವಳು ನಾನು, ಒಮ್ಮೆಯೂ ಅದರೊಳಗೆ ಹೋಗಿರಲಿಲ್ಲ. ಬಗ್ಗಿ ಹೋದೆ. ಎಷ್ಟು ಚಿಕ್ಕ ಕೋಣೆ... ಒಬ್ಬರು ಕೂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಕಿಟಕಿಯಿಲ್ಲ, ನೆಟ್ಟಗೆ ನಿಲ್ಲುವಷ್ಟು ಎತ್ತರವೂ ಇಲ್ಲ. ನನಗೇ ತಲೆ ತಾಗುತ್ತಿತ್ತು. ಮಾಮಿ ನನಗಿಂತ ಒಂದು ತಲೆ ಎತ್ತರ. ಜ್ವರದ ಮೈಯಲ್ಲಿ, ಆ ಕತ್ತಲಲ್ಲಿ, ಹೊಣೆ ನೆಲಕ್ಕೆ ತಾಗದಂತೆ ಎದೆಗೊತ್ತಿ ಹಿಡಿದು ಅವಳು ಇಲ್ಲಿಂದ ಹೇಗೆ ತಿರುಗಿ ಹೊರಗೆ ಬಂದಳು ಎಂದು ನನಗೆ ತಿಳಿಯಲಿಲ್ಲ. ಕೇಳೋಣವೆಂದರೆ ಅವಳಿಲ್ಲ. ಹೊರಗಿನಿಂದ ಹುಡುಗಿ ಎರಡು ಸಲ ಕರೆದ ಮೇಲೆ ನಾನು ಬಗ್ಗಿಕೊಂಡೇ ಹೊರಗೆ ಬಂದೆ.